ಪಾಯಿಂಟ್ ಕಾಕಾ

ಸವದತ್ತಿ, ರಾಮದುರ್ಗದ ಕಡೆ ನವಿಲುತೀರ್ಥದ ಕಾಲುವೆ ಮುಟ್ಟದ ಹೊಲಗಳಲ್ಲಿ ಬೋರ್ ಹೊಡೆಸುವ ಮುಂಚೆ ನೀರಿನ ಜಾಗ ತೋರಿಸಲು ಪಾಯಿಂಟ್ ಕಾಕಾ ಬರಲೇಬೇಕು. ಬೈಲಹೊಂಗಲಕ್ಕೊಬ್ಬ, ಕಿತ್ತೂರಿಗೊಬ್ಬ, ಮೀಸೆ ಬೇರೆ, ಮಾತು ಒಂದೇ.

ಅವನ ಅಜ್ಜ ಬೇವಿನ ಕವೆಗೋಲು ಹಿಡಿಯುತ್ತಿದ್ದ, ಅಪ್ಪ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆಯುತ್ತಿದ್ದ. ಕಾಕಾನ ಕೈಯಲ್ಲಿ ಎರಡು ತಾಮ್ರದ ಸಲಾಕೆ, ಬಾಯಲ್ಲಿ 'ಮ್ಯಾಗ್ನೆಟಿಕ್ ಫ್ರಿಕ್ವೆನ್ಸಿ'. "ಇದು ಪಕ್ಕಾ ಸೈನ್ಸ್ ಐತ್ರೀ, ಮೂಢನಂಬಿಕಿ ಅಲ್ಲ" ಎನ್ನುತ್ತಲೇ ಚಪ್ಪಲಿ ಕಳಚಿ ಪೂರ್ವಕ್ಕೆ ಕೈಮುಗಿಯುತ್ತಾನೆ. ಸಲಾಕೆಗಳು ಒಂದರ ಮೇಲೊಂದು ಬಂದವೋ, ತೀರ್ಪು ಬಂತು: "240 ಫೂಟಿಗೆ ಸೆಲಿ. ಎರಡು ಇಂಚು ನೀರು!"

ನೀರು ಬಿದ್ದರೆ ಸೈನ್ಸ್. ಬರೀ ಧೂಳೆದ್ದರೆ ನೆಪಗಳು ಸಿದ್ಧ: ಬೋರ್ ಗಾಡಿಯವ ಗೇಣು ಸರಿಸಿ ಹೊಡೆದ. ಹೊಲದ ಮಾಲಕರ ಬೆಳ್ಳಿ ಉಡದಾರ ಫ್ರಿಕ್ವೆನ್ಸಿ ಕೆಡಿಸಿತು. ಇನ್ನೂ 50 ಫೂಟು ಇಳಿಸಬೇಕಿತ್ತು. ಫೂಟಿನ ಲೆಕ್ಕದ ರೊಕ್ಕ ರೈತನದು. ಕಾಕಾನ ಫೀಸು ಮೊದಲೇ ಕಿಸೆ ಸೇರಿರುತ್ತದೆ.

ಒಮ್ಮೆ ಮಾಲಕರ ಮಗಳು, ಒಂಬತ್ತನೇ ಇಯತ್ತೆಯವಳು, ಅಂಗಳದಲ್ಲಿ ಹತ್ತು ಕೊಡ ಸಾಲಾಗಿಟ್ಟಳು. ನೀರಿದ್ದದ್ದು ಒಂದರಲ್ಲಿ ಮಾತ್ರ. ಕೊಡಗಳ ಬಾಯಿ ತೆರೆದಿದ್ದಾಗ ಕಾಕಾನ ಸಲಾಕೆಗಳು ಸರಿಯಾಗಿ ಅದರ ಮೇಲೆಯೇ ಕೂಡಿದವು. ಆಮೇಲೆ ಅವಳ ತಮ್ಮ, ಅವಳಿಗೂ ತಿಳಿಯದಂತೆ, ಕೊಡಗಳನ್ನು ಅದಲುಬದಲು ಮಾಡಿ ತಾಟು ಮುಚ್ಚಿದ. ಸಲಾಕೆಗಳು ಖಾಲಿ ಕೊಡದ ಮೇಲೆ ಕೂಡಿದವು.

"ಕೊಡದಾಗಿಂದು ಸತ್ತ ನೀರವ್ವಾ. ಅದಕ್ಕ ಫ್ರಿಕ್ವೆನ್ಸಿ ಇರೂದಿಲ್ಲ."

"ಮತ್ತ ಮುಚ್ಚೂಕಿಂತ ಮೊದಲ ಜೀವ ಇತ್ತೇನ್ರಿ ಕಾಕಾ?"

ಕಾಕಾನಿಗೆ ತಟ್ಟನೆ ಬೈಲಹೊಂಗಲದ ಬಸ್ಸು ನೆನಪಾಯಿತು.

ಇದೇ ಆಟವನ್ನು 1987-88ರಲ್ಲಿ ಜರ್ಮನಿಯ ಮ್ಯೂನಿಕ್ ಬಳಿ ದೊಡ್ಡದಾಗಿ ಆಡಿದ್ದರು. ಕಣಜದ ಅಟ್ಟದ ಮೇಲೆ ಆರಿಸಿ ತಂದ 43 ಪಾಯಿಂಟ್ ಕಾಕಾಗಳು, ಕೆಳಗೆ ಜಾಗ ಬದಲಿಸುವ ನೀರಿನ ಪೈಪು. ನಡೆಸಿದವರು ಕೆಲವರಿಗೆ ಶಕ್ತಿ ಇದೆ ಎಂದರು. ಅದೇ ಅಂಕಿಗಳನ್ನು ಮತ್ತೆ ಜಾಲಾಡಿದ ವಿಜ್ಞಾನಿ ಜಿಮ್ ಎನ್‌ರೈಟ್‌ಗೆ ಕಂಡದ್ದು ಕುರುಡು ಲಾಟರಿ. ಹಾಗಂತ ಕಾಕಾ ಮೋಸಗಾರನೇನಲ್ಲ. ಸಲಾಕೆ ನಿಜವಾಗಿಯೂ ತಿರುಗುತ್ತದೆ. ಮನಸ್ಸು ಎಣಿಸಿದ ಕಡೆಗೆ ಕೈ ತನಗರಿವಿಲ್ಲದೆ ಅಲುಗುತ್ತದೆಂದು ಶರೀರವಿಜ್ಞಾನಿ ವಿಲಿಯಂ ಕಾರ್ಪೆಂಟರ್ 1852ರಲ್ಲೇ ಹೇಳಿದ್ದ.

ಅದೇ ಮಾಲಕರ ಹೊಲಕ್ಕೆ ಭೂವಿಜ್ಞಾನಿಯೂ ಒಮ್ಮೆ ಬಂದಿದ್ದ. ನೆಲಕ್ಕೆ ಗೂಟ ಹೊಡೆದು, ಕರೆಂಟು ಹರಿಸಿ, ಕಲ್ಲಿನ ತಡೆ ಅಳೆದು, "ಇಲ್ಲಿ ಬಿರುಕು ಇದ್ದಂಗ ಐತಿ, ನೀರು ಸಿಗಬಹುದು. ಖಾತ್ರಿ ಹೇಳಾಕಾಗೂದಿಲ್ಲ" ಎಂದ.

"ಖಾತ್ರಿ ಇಲ್ದಾವಗ ಯಾಕ ರೊಕ್ಕ ಕೊಡಬೇಕು?" ಎಂದು ಮಾಲಕರು ಕಾಕಾನ ನಂಬರ್ ಒತ್ತಿದರು.