ಬ್ರೇಕ್ ಡಿಸ್ಕಿನ ಸವೆತ: ಜ್ಞಾನಮೀಮಾಂಸೆಯ ನೆಲೆಯಲ್ಲೊಂದು ಅನುಸಂಧಾನ

ಕಾರಿನ ಬ್ರೇಕ್ ಡಿಸ್ಕನ್ನು ಯಾವಾಗ ಬದಲಿಸಬೇಕು ಎಂಬುದು ಮೇಲ್ನೋಟಕ್ಕೆ ಗ್ಯಾರೇಜಿನ ಪ್ರಶ್ನೆಯಂತೆ ಕಂಡರೂ ಅದರ ತಾತ್ತ್ವಿಕ ನೆಲೆಗಳು, ಬಹುಮುಖಿ ಆಯಾಮಗಳು ಹಾಗೂ ಆ ಆಯಾಮಗಳೊಳಗಿನ ಮತ್ತಷ್ಟು ನೆಲೆಗಳು ಇದುವರೆಗಿನ ಸಂಕಥನದಲ್ಲಿ ಅಲಕ್ಷಿತವಾಗಿವೆ. ಡಿಸ್ಕೆಂದರೆ ಚಕ್ರದ ಜೊತೆ ತಿರುಗುವ ಬೀಡುಕಬ್ಬಿಣದ ತಟ್ಟೆ ಎಂದುಬಿಡುವುದು ಅಪಾಯಕಾರಿ ಸರಳೀಕರಣ. ಅದು ಚಲನೆಯ ಅಸ್ಮಿತೆಯೂ ನಿಶ್ಚಲತೆಯ ಅಸ್ಮಿತೆಯೂ ಮುಖಾಮುಖಿಯಾಗುವ ಘರ್ಷಣಾತ್ಮಕ ಅವಕಾಶ. ಪ್ಯಾಡ್ ಎಂಬ ‘ಅನ್ಯ’ದೊಡನೆ ಅದು ನಡೆಸುವ ನಿರಂತರ ವಾಗ್ವಾದದಲ್ಲಿ ಎರಡೂ ಕಡೆಯವರು ಸವೆಯುತ್ತಾರೆ. ವಿಚಾರಸಂಕಿರಣಕ್ಕಿಂತ ಇದೇ ವಾಸಿ. ಅಲ್ಲಿ ಸವೆಯುವವರು ಕೇಳುಗರು ಮಾತ್ರ.

ಇನ್ನು ಸವೆತವನ್ನು ಅರಿಯುವ ಬಗೆ. ನೈಯಾಯಿಕರು ಒಪ್ಪುವ ಪ್ರಮಾಣಗಳು ನಾಲ್ಕು. ಮೊದಲನೆಯದು ಪ್ರತ್ಯಕ್ಷ: ಚಕ್ರದ ಸಂದಿಗೆ ಟಾರ್ಚ್ ಬಿಟ್ಟು ‘ಹೋಗಿದೆ ಸಾರ್’ ಎನ್ನುವುದು ಈ ಪಂಥದ ಮಹಾವಾಕ್ಯ. ಆದರೆ ಮಳೆಯಲ್ಲಿ ಒಂದು ರಾತ್ರಿ ನಿಂತ ಕಾರಿನ ಹೊಸ ಡಿಸ್ಕೂ ಬೆಳಗ್ಗೆ ತುಕ್ಕು ಹಿಡಿದು ಕೆಂಪಗಿರುತ್ತದೆ, ನಾಲ್ಕು ಸಲ ಬ್ರೇಕ್ ಒತ್ತಿದರೆ ಬೆಳ್ಳಗಾಗುತ್ತದೆ; ಮಿತಿಮೀರಿ ಸವೆದದ್ದು ಕನ್ನಡಿಯಂತೆ ಹೊಳೆಯುತ್ತಿರಬಹುದು. ಎರಡನೆಯದು ಅನುಮಾನ: ಇಷ್ಟು ಸಾವಿರ ಕಿಲೋಮೀಟರ್ ಓಡಿದೆ, ಆದ್ದರಿಂದ ಸವೆದಿದೆ. ಇಲ್ಲಿ ವ್ಯಾಪ್ತಿಯೇ ಸಿದ್ಧಿಸುವುದಿಲ್ಲ, ಏಕೆಂದರೆ ಹೆದ್ದಾರಿಯಲ್ಲಿ ಓಡಿದ ಕಾರೂ ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ತೆವಳಿದ ಕಾರೂ ಮೀಟರಿನಲ್ಲಿ ಒಂದೇ ಅಂಕಿ ತೋರಿಸಬಹುದು. ಮೂರನೆಯದು ಶಬ್ದ. ಶಾಸ್ತ್ರದಲ್ಲಿ ಅದು ಆಪ್ತವಾಕ್ಯ, ಗ್ಯಾರೇಜಿನಲ್ಲಿ ಕೀಂಯ್ ಎಂಬ ಸದ್ದು. ಹಾಗೆ ಕೂಗಿಕೊಳ್ಳುವುದು ಹೆಚ್ಚಾಗಿ ಪ್ಯಾಡು. ತನ್ನ ಸವೆತವನ್ನು ಸಾರಲೆಂದೇ ಅನೇಕ ಪ್ಯಾಡುಗಳಿಗೆ ತಗಡಿನ ನಾಲಗೆ ಇರುತ್ತದೆ. ಡಿಸ್ಕಿಗೆ ನಾಲಗೆಯಿಲ್ಲ, ಅದು ಸುಮ್ಮನೆ ತೆಳ್ಳಗಾಗುತ್ತದೆ. ನಾಲ್ಕನೆಯದಾದ ಉಪಮಾನಕ್ಕೆ ಪ್ರಬಂಧಕಾರರು ಎರಡು ಪುಟ ಮೀಸಲಿಟ್ಟಿದ್ದರು; ಬಿಡೋಣ, ಅವರಿಗೇ ಸಾಕಾಗಿದೆ. ಭಾಟ್ಟ ಮೀಮಾಂಸಕರ ಅನುಪಲಬ್ಧಿ, ಅಂದರೆ ಇಲ್ಲದ್ದನ್ನು ಇಲ್ಲವೆಂದು ಅರಿಯುವುದು, ಒಂದೇ ಇಲ್ಲಿ ದೋಷವಿಲ್ಲದೆ ಸಲ್ಲುತ್ತದೆ: ಗ್ಯಾರೇಜಿನಲ್ಲಿ ಮೈಕ್ರೋಮೀಟರ್ ಇಲ್ಲ.

ಇಷ್ಟೆಲ್ಲ ಮಂಟಪ ಕಟ್ಟಿದ್ದು ಎರಡಂಕಿಯ ಒಂದು ಸಂಖ್ಯೆಯ ಸುತ್ತ. ಡಿಸ್ಕಿನ ಅಂಚಿನಲ್ಲೋ ನಡುವಿನ ಟೋಪಿಯಂಥ ಭಾಗದಲ್ಲೋ ತಯಾರಕರು ಕನಿಷ್ಠ ದಪ್ಪವನ್ನು ಕೊರೆದೇ ಕಳಿಸುತ್ತಾರೆ. ಹೊಸದಿದ್ದಾಗ 22 ಮಿ.ಮೀ. ಇರುವ ಮುಂದಿನ ಡಿಸ್ಕಿಗೆ 20ರ ಆಸುಪಾಸಿನ ಮಿತಿ ಸಾಮಾನ್ಯ. ಅಂದರೆ ಒಂದೊಂದು ಮೈಯಿಂದ ಒಂದೊಂದು ಮಿಲಿಮೀಟರ್ ಹೋಯಿತೆಂದರೆ ಅದರ ಋಣ ತೀರಿತು. ವರ್ನಿಯರ್ ಹಿಡಿದು ಅಳೆದೆವಲ್ಲ ಎನ್ನುವವರುಂಟು. ಪ್ಯಾಡು ತಾಗದ ಹೊರಅಂಚು ಸವೆಯದೆ ಏಣಾಗಿ ಉಳಿದಿರುತ್ತದೆ. ವರ್ನಿಯರಿನ ದವಡೆ ಆ ಏಣಿನ ಮೇಲೆ ಕೂತು ಹಳೆಯ ಡಿಸ್ಕಿಗೆ ಹೊಸದರ ದಪ್ಪ ಹೇಳುತ್ತದೆ. ಅಳೆಯಬೇಕಾದದ್ದು ಏಣಿನ ಒಳಗೆ, ಸುತ್ತಲೂ ನಾಲ್ಕಾರು ಕಡೆ. ಪೆಡಲ್ ನಡುಗಿದರೆ ‘ಡಿಸ್ಕ್ ಬೆಂಡಾಗಿದೆ, ಲೇತಿಗೆ ಹಾಕಿಸೋಣ’ ಎನ್ನುತ್ತಾರೆ. ನಡುಕಕ್ಕೆ ದಪ್ಪದಲ್ಲಿ ಮಿಲಿಮೀಟರಿನ ನೂರರಲ್ಲಿ ಒಂದೆರಡು ಭಾಗದ ಏರುಪೇರೂ ಸಾಕು, ಡಿಸ್ಕ್ ಕೂರುವ ಹಬ್ಬಿನ ಮೇಲಿನ ತುಕ್ಕೂ ಸಾಕು. ಲೇತ್ ತಪ್ಪಲ್ಲ, ಆದರೆ ಹೆರೆದ ಮೇಲೂ ಮಿತಿಗಿಂತ ದಪ್ಪ ಉಳಿಯಬೇಕು. ಮೊದಲು ಅಳೆಯದವನಿಗೆ ಆಮೇಲೆ ಉಳಿದದ್ದೆಷ್ಟೆಂದು ಹೇಗೆ ಗೊತ್ತು? ಹಾಗಾದರೆ ದಪ್ಪವೊಂದೇ ಲಕ್ಷಣವೋ ಎಂದು ಕೇಳಬಹುದು. ಅಲ್ಲ, ಅಂಚು ಮುಟ್ಟಿದ ಬಿರುಕಿದ್ದರೆ 21 ಇದ್ದರೂ ತೆಗೆಯಬೇಕು. ಸವೆದ ಒಂದನ್ನಷ್ಟೇ ಬದಲಿಸಿದರೆ ಸಾಲದೇ ಎನ್ನುವ ಅದ್ವೈತಿಗಳಿಗೆ ಉತ್ತರ: ಇಲ್ಲಿ ದ್ವೈತವೇ ಸಿದ್ಧಾಂತ. ಒಂದು ಅಚ್ಚಿನ ಎರಡೂ ಡಿಸ್ಕು ಒಟ್ಟಿಗೇ, ಹೊಸ ಪ್ಯಾಡಿನೊಂದಿಗೆ.

ಎರಡು ಮಿಲಿಮೀಟರಿಗೆ ಇಷ್ಟು ರಂಪವೇ ಎಂದರೆ, ಹೌದು. ಬ್ರೇಕು ಓಟವನ್ನು ಶಾಖ ಮಾಡುತ್ತದೆ. ವೇಗ ಎರಡರಷ್ಟಾದರೆ ಶಾಖ ನಾಲ್ಕರಷ್ಟು. ಅದನ್ನು ಹೀರಬೇಕಾದ ಕಬ್ಬಿಣವೇ ಕರಗಿಹೋಗಿದ್ದರೆ ಪ್ಯಾಡಿನ ಹಿಡಿತ ಸಡಿಲುತ್ತದೆ, ಹಳೆಯ ಬ್ರೇಕ್ ಆಯಿಲ್ ಕುದಿಯುತ್ತದೆ, ಪೆಡಲ್ ನೆಲ ಮುಟ್ಟುತ್ತದೆ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವಲ್ಲಿ 14 ಹಿಮ್ಮುರಿ ತಿರುವುಗಳಿವೆ. ಅಲ್ಲಿ ಬಾಡಿಗೆ ಕಾರು ಇಳಿಸುವವನಿಗೆ ಎರಡನೇ ಗೇರಿನಲ್ಲಿ ಇಳಿಯುವ ವಿವೇಕವಿದೆ, ಡಿಸ್ಕ್ ಕೊಳ್ಳುವ ಅಧಿಕಾರವಿಲ್ಲ. ಮಾಲೀಕ ‘ಈ ಸಲ ಪ್ಯಾಡ್ ಹಾಕಿಸು, ಸಾಕು’ ಎಂದಿರುತ್ತಾನೆ. ಗ್ಯಾರೇಜಿನವನು ಅಂದಾಜುಪಟ್ಟಿಯಲ್ಲಿ ‘ಬ್ರೇಕ್ ಸಿಸ್ಟಂ ಕಂಪ್ಲೀಟ್ ಇನ್‌ಸ್ಪೆಕ್ಷನ್’ ಎಂದು ಬರೆದು ದುಡ್ಡು ತೆಗೆದುಕೊಂಡಿರುತ್ತಾನೆ. ಏನು ನೋಡಿದಿರಿ? ಎಷ್ಟು ಮಿಲಿಮೀಟರ್ ಇತ್ತು? ಆ ಪಟ್ಟಿಯಲ್ಲಿ ತೆರಿಗೆಗೆ ಕಲಂ ಇದೆ, ದಪ್ಪಕ್ಕಿಲ್ಲ. ಕಾರು ಕಂದಕಕ್ಕೆ ಬಿದ್ದ ಮೇಲೆ ‘ಬ್ರೇಕ್ ವೈಫಲ್ಯ’ ಎಂಬ ಎರಡು ಪದ ಬರೆದರೆ ಮುಗಿಯಿತು; ಕಬ್ಬಿಣ ತಾನಾಗಿ ಮೋಸ ಮಾಡಿತೇನೋ ಎಂಬಂತೆ. ಹಿಂದಿನ ಸೀಟಿನಲ್ಲಿ ಮಲಗಿದ್ದ ಮಗುವಿಗೆ ಯಾವ ಪ್ರಮಾಣಶಾಸ್ತ್ರ ಗೊತ್ತಿತ್ತು? ಚಕ್ರ ಬಿಚ್ಚಿ, ತುಕ್ಕು ತುಂಬಿದ ಆ ಅಕ್ಷರಗಳ ಮೇಲೆ ತಂತಿಬ್ರಷ್ಷಿನಿಂದ ನಾಲ್ಕು ಸಲ ಉಜ್ಜಿದ್ದರೆ ಸಂಖ್ಯೆ ಓದಬಹುದಿತ್ತು.