ಸಂಗೀತದ ಮಿಸ್ ಅವರ ಯಜಮಾನರು

ಜಯನಗರವಿರಲಿ, ಮಲ್ಲೇಶ್ವರವಿರಲಿ, ಬೆಂಗಳೂರಿನ ಯಾವುದೇ ಸಂಗೀತ ಶಾಲೆಯ ಬಾಗಿಲು ತಟ್ಟಿ ನೋಡಿ. ತೆಗೆಯುವುದು ಸಂಗೀತದ ಮಿಸ್ ಅಲ್ಲ, ಅವರ ಯಜಮಾನರು. ಬ್ಯಾಂಕಿನಿಂದಲೋ ಎಲ್‌ಐಸಿಯಿಂದಲೋ ನಿವೃತ್ತರಾದವರು. ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಕಂಕುಳಲ್ಲಿ ಫೀಸಿನ ಪುಸ್ತಕ. ಚಪ್ಪಲಿ ಎಲ್ಲಿ ಬಿಡಬೇಕು, ಸ್ಕೂಟರು ಯಾರ ಗೇಟಿನ ಮುಂದೆ ನಿಲ್ಲಿಸಬಾರದು, ಈ ತಿಂಗಳ ಫೀಸು ಯಾಕೆ ಬಂದಿಲ್ಲ, ಈ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಬಲ್ಲರು. ಅವರಿಗೂ ಒಂದು ಹೆಸರಿರುತ್ತದೆ. ಗೇಟಿನ ಫಲಕದಲ್ಲಿ ಮಿಸ್ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಬರೆಸಿರುತ್ತಾರೆ, ಯಾರೂ ಓದಿದ್ದಿಲ್ಲ. ಮಕ್ಕಳಿಗೆ ಅವರು ಅಂಕಲ್, ತಾಯಂದಿರಿಗೆ ಸಾರ್, ಮೃದಂಗದ ಮೇಷ್ಟ್ರಿಗೆ ರಾಯರು.

ಹಾಡಲು ಬಾರದು. ಮೂವತ್ತು ವರ್ಷ ಪಕ್ಕದ ಕೋಣೆಯಿಂದ ಸರಳೆ ವರಸೆ ಕೇಳಿ ಕೇಳಿ ಮಾಯಾಮಾಳವಗೌಳ ಒಂದನ್ನು ಗುರುತು ಹಿಡಿಯುತ್ತಾರೆ, ಮಿಕ್ಕಿದ್ದೆಲ್ಲ ಅವರ ಪಾಲಿಗೆ ಕಲ್ಯಾಣಿ. ಆದರೆ ಇಂಥವರಿಲ್ಲದಿದ್ದರೆ ನಮ್ಮೂರಿನ ಅರ್ಧ ಕಚೇರಿಗಳು ಮೈಕಿಲ್ಲದೆ, ಇನ್ನರ್ಧ ಕಾಫಿಯಿಲ್ಲದೆ ನಡೆಯಬೇಕಾಗುತ್ತಿತ್ತು. ರಾಮನವಮಿ, ಗಣೇಶೋತ್ಸವ, ಪುರಂದರದಾಸರ ಆರಾಧನೆ ಇವೆಲ್ಲ ಅವರಿಗೆ ಎಡಗೈ ಕೆಲಸ. ಕೈಗೆ ಪೂರ್ತಿ ಕೆಲಸ ಸಿಗುವುದು ಮಕ್ಕಳನ್ನು ಫಾರಿನ್ ಟೂರಿಗೆ ಕರೆದುಕೊಂಡು ಹೋಗುವಾಗ.

ಟೂರು ಹುಟ್ಟುವುದು ಜೂಮ್ ಪಾಠದಲ್ಲಿ. ಬೆಳಗಿನ ಐದೂವರೆಗೆ ಮಿಸ್ ಕಂಪ್ಯೂಟರಿನ ಮುಂದೆ ಕೂತರೆ ನ್ಯೂಜೆರ್ಸಿಯಲ್ಲಿ ಹಿಂದಿನ ರಾತ್ರಿ ಎಂಟು, ಕ್ಯಾಲಿಫೋರ್ನಿಯಾದಲ್ಲಿ ಸಂಜೆ ಐದು. ಮಾರ್ಚ್‌ನಲ್ಲಿ ಒಮ್ಮೆ, ನವೆಂಬರ್‌ನಲ್ಲಿ ಒಮ್ಮೆ ಅಮೆರಿಕದವರು ಗಡಿಯಾರ ಹಿಂದೆ ಮುಂದೆ ಮಾಡುತ್ತಾರಲ್ಲ, ಅದರಿಂದ ನಿದ್ದೆ ಕೆಡಿಸಿಕೊಳ್ಳುವವರು ನಮ್ಮ ರಸ್ತೆಯಲ್ಲಿ ಇವರೊಬ್ಬರೇ. ಪಾಠ ನಡೆಯುವಾಗ ಹಿಂದೆ ನಿಂತು ಕಾಫಿ ಹೀರುತ್ತಾ ಪರದೆಯ ಮೇಲಿನ ಮಕ್ಕಳನ್ನು ನೋಡುತ್ತಾರೆ. ಅವರಿಗೆ ಕಾಣುವುದು ಮಕ್ಕಳಲ್ಲ, ಮಕ್ಕಳ ಬೆನ್ನ ಹಿಂದಿನ ಮನೆ. ನ್ಯೂಜೆರ್ಸಿಯ ಎಡಿಸನ್ ಊರಿನ ಹುಡುಗಿಯ ಹಿಂದೆ ಮೆಟ್ಟಿಲು ಇಳಿದು ಹೋಗುತ್ತದೆ, ಅಂದರೆ ಬೇಸ್‌ಮೆಂಟ್ ಇದೆ. ಬೇಸ್‌ಮೆಂಟ್ ಇದ್ದರೆ ಅಲ್ಲೊಂದು ಬಾತ್‌ರೂಮೂ ಇರಲೇಬೇಕು. ಬೇರೆಯವರು ಕಟ್ಟಡವನ್ನು ಚದರಡಿಯಲ್ಲಿ ಅಳೆದರೆ ಇವರು ಅಮೆರಿಕವನ್ನು ಬಾತ್‌ರೂಮಿನಲ್ಲಿ ಅಳೆಯುತ್ತಾರೆ. ಎಡಿಸನ್ ಮೂರೂವರೆ, ಪಿಟ್ಸ್‌ಬರ್ಗ್ ಎರಡೂವರೆ, ಫ್ರೀಮಾಂಟ್ ಎರಡು. ಈ ಅರ್ಧ ಎಂದರೆ ಏನೆಂದು ಮಿಸ್ ಕೇಳಿದ್ದಕ್ಕೆ, "ಸ್ನಾನ ಇಲ್ಲ, ಮಿಕ್ಕಿದ್ದು ಇದೆ" ಎಂದರಂತೆ. ಹೀಗೆ ಬಾತ್‌ರೂಮ್ ಇರುವ ಊರುಗಳನ್ನು ಕೂಡಿಸಿ ಗೆರೆ ಎಳೆದರೆ ಅದೇ ಕಚೇರಿಗಳ ಪಟ್ಟಿ.

ಪಾಲಕರ ಸಭೆ ಒಂದು ಭಾನುವಾರ. ನೆಲದ ಮೇಲೆ ಜಮಖಾನ, ಗೋಡೆಯ ಮೇಲೆ ಪ್ರೊಜೆಕ್ಟರು. ಅವರ ಮೊದಲ ವಾಕ್ಯ ಎಲ್ಲರಿಗೂ ಬಾಯಿಪಾಠ: "1966ರಲ್ಲಿ ಎಂ.ಎಸ್. ಸುಬ್ಬುಲಕ್ಷ್ಮಿ ಅವರು ವಿಶ್ವಸಂಸ್ಥೆಯಲ್ಲಿ ಹಾಡಿದರು. ಈಗ ನಮ್ಮ ಮಕ್ಕಳ ಸರದಿ." ಸಭೆ ಒಂದು ಕ್ಷಣ ಸ್ತಬ್ಧ. ಆಮೇಲೆ ಯಾರೋ ಒಬ್ಬರು, ಸಾಫ್ಟ್‌ವೇರಿನವರು, ಕೈ ಎತ್ತಿ, "ಸಾರ್, ನಮ್ಮ ಮಕ್ಕಳೂ ವಿಶ್ವಸಂಸ್ಥೆಯಲ್ಲಿ ಹಾಡ್ತಾರಾ?" ಎಂದು ಕೇಳುತ್ತಾರೆ. "ಮುಂದುಗಡೆ ಬಾವುಟ ಇವೆಯಲ್ಲ, ಅಲ್ಲಿ ಇಪ್ಪತ್ತು ನಿಮಿಷ ಫೋಟೋಗೆ ಇಟ್ಟಿದ್ದೀನಿ" ಎಂಬ ಉತ್ತರ ಬರುತ್ತದೆ. ಮುಂದೆ ಅಚ್ಚಾಗುವ ಕರಪತ್ರದಲ್ಲಿ ಇದೇ ಇಪ್ಪತ್ತು ನಿಮಿಷ "ವಿಶ್ವಸಂಸ್ಥೆಯ ಸಮ್ಮುಖದಲ್ಲಿ" ಎಂದಾಗಿರುತ್ತದೆ. ಸುಳ್ಳೆನ್ನುವಂತಿಲ್ಲ, ಸಮ್ಮುಖವೇ ತಾನೆ.

ಹೊರಡುವ ಮಕ್ಕಳು ಹತ್ತು ಹನ್ನೆರಡು. ಅವರನ್ನು ನೋಡಿಕೊಳ್ಳಲು ಹೊರಡುವ ದೊಡ್ಡವರು ಅದಕ್ಕಿಂತ ಹೆಚ್ಚು. ಒಬ್ಬ ಹುಡುಗಿಯ ಜೊತೆ ಅಜ್ಜಿಯೂ ಬರುತ್ತಾರೆ, ಮೊಮ್ಮಗಳಿಗೆ ಜಡೆ ಹಾಕಲು ಬೇರೆಯವರಿಗೆ ಬರುವುದಿಲ್ಲವಂತೆ. ಅಂದಿನಿಂದ ವಾಟ್ಸ್ಆ್ಯಪ್ ಗುಂಪುಗಳು ಹುಟ್ಟಲು ಶುರು: ಟೂರು, ಟೂರು ಪಾಲಕರು, ಟೂರು ಯೂನಿಫಾರ್ಮು, ಟೂರು ಅರ್ಜೆಂಟು. ಯೂನಿಫಾರ್ಮಿನ ಗುಂಪಿನಲ್ಲಿ ರೇಷ್ಮೆ ಲಂಗ ಬಾಟಲ್ ಗ್ರೀನೋ ನವಿಲು ಹಸಿರೋ ಎಂಬ ಚರ್ಚೆಗೆ ಇಡೀ ಮಳೆಗಾಲ ಸಾಲಲಿಲ್ಲ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ನಡುವೆ ಒಬ್ಬ ಟ್ರಾವೆಲ್ ಏಜೆಂಟು ಬಣ್ಣದ ಪುಸ್ತಿಕೆ ಹಿಡಿದು ಬಂದಿದ್ದ. ಅಮೆರಿಕ ಯಾಕೆ ಸಾರ್, ವಿಯೆನ್ನಾಕ್ಕೆ ಬನ್ನಿ, ದುಡ್ಡು ಕಟ್ಟಿದರೆ ದೊಡ್ಡ ಸಭಾಂಗಣದಲ್ಲೇ ಮಕ್ಕಳು ಹಾಡಬಹುದು ಎಂದ. ಆ ಊರಿನಲ್ಲಿ ಮ್ಯೂಸಿಕ್‌ಫೆರೈನ್ ಎಂಬ ಸಂಗೀತ ಮಂದಿರವಿದೆ, 1870ರಲ್ಲಿ ಬಾಗಿಲು ತೆರೆದದ್ದು. ಅದರ ಚಿನ್ನದ ಸಭಾಂಗಣ ಜಗತ್ಪ್ರಸಿದ್ಧ. ಚೀನಾದ ಎಷ್ಟೋ ತಂಡಗಳು ಅದನ್ನು ಬಾಡಿಗೆಗೆ ಹಿಡಿದು, ಟಿಕೆಟು ಪುಕ್ಕಟೆ ಹಂಚಿ, ಊರಿಗೆ ಮರಳಿ ಮೆರೆದದ್ದನ್ನು ಆ ದೇಶದ ಪತ್ರಿಕೆಗಳೇ ಟೀಕಿಸಿದ್ದುಂಟು. ನಮ್ಮ ರಾಯರು ಪುಸ್ತಿಕೆಯನ್ನು ತಿರುವಿ ಹಾಕಿ, "ಅಲ್ಲಿ ನಮ್ಮೋರು ಯಾರಿದ್ದಾರೆ?" ಎಂದಷ್ಟೇ ಕೇಳಿದರು. ಏಜೆಂಟು ಹೋಟೆಲಿನ ಹೆಸರು ಹೇಳಿದ. ಅಲ್ಲಿಗೆ ವಿಯೆನ್ನಾ ಮುಗಿಯಿತು. ಅವರು ಲೆಕ್ಕ ಹಾಕಿದ್ದು ಬಾತ್‌ರೂಮನ್ನೇ ಇರಬಹುದು, ಆದರೂ ನನಗೆ ಅವರೇ ಸರಿ ಎನಿಸಿತು. ಎಡಿಸನ್‌ನಲ್ಲಿ ಮುಂದಿನ ಸಾಲಿನಲ್ಲಿ ಕೂರುವ ಐವತ್ತು ಜನಕ್ಕೆ ಮಗು ತಾಳ ತಪ್ಪಿದ್ದಾದರೂ ಗೊತ್ತಾಗುತ್ತದೆ.

ಅವರ ವಿದ್ವತ್ತು ಪೂರ್ತಿ ಅರಳುವುದು ವೀಸಾದಲ್ಲಿ. ದುಡ್ಡು ಪಡೆದು ಹಾಡುವ ಕಲಾವಿದರಿಗೆ ಪಿ ವರ್ಗದ ವೀಸಾ ಬೇಕು. ಅದಕ್ಕೆ ಅಮೆರಿಕದಲ್ಲಿ ಇರುವವರು ಅರ್ಜಿ ಹಾಕಬೇಕು, ಅಲ್ಲಿನ ಕಲಾವಿದರ ಕಾರ್ಮಿಕ ಸಂಘದ ಅಭಿಪ್ರಾಯ ತರಿಸಬೇಕು. ಬಿಡಿಗಾಸಿಲ್ಲದೆ ಸಾಮಾಜಿಕ ಸಮಾರಂಭದಲ್ಲೋ ಧರ್ಮಾರ್ಥ ಕಾರ್ಯಕ್ರಮದಲ್ಲೋ ಹಾಡುವ ಹವ್ಯಾಸಿಗಳಿಗಾದರೆ ಸಂದರ್ಶಕರ ಬಿ ವೀಸಾ ಸಾಕು. ಕರ್ನಾಟಕ ಸಂಗೀತದವರಿಗೆ ದುಡ್ಡು ಸಿಗುವುದಿಲ್ಲ ಎಂದು ರುಜುವಾತು ಮಾಡುವುದು ಏನು ಮಹಾ, ಮಿಸ್ ಅವರ ಪಾಸ್‌ಬುಕ್ ತೋರಿಸಿದ್ದರೆ ಸಾಕಿತ್ತು. ಮೃದಂಗದ ಮೇಷ್ಟ್ರಿಗೆ ಮಾತ್ರ ಅನುಮಾನ.

"ರಾಯರೇ, ಶಾಲು ಹೊದಿಸ್ತಾರಲ್ಲ, ಅದು ಸಂಭಾವನೆ ಆಗುತ್ತಾ?"

"ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ ಇವಕ್ಕೆ ತೊಂದರೆ ಇಲ್ಲ. ಕವರು ಕೊಡೋಕೆ ಬಂದ್ರೆ ಮಾತ್ರ ಕೈ ಹಿಂದಕ್ಕೆ ಕಟ್ಕೊಂಡುಬಿಡಿ."

"ಮೂವತ್ತು ವರ್ಷದಿಂದ ಕೈ ಮುಂದೆ ಚಾಚಿ ನಿಂತಿದ್ದೀನಿ, ಯಾರೂ ಕೊಟ್ಟಿಲ್ಲ" ಎಂದರು ಮೇಷ್ಟ್ರು.

ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದಾಗ ಇವರು ಬೀದಿಗೆಲ್ಲ ಸಿಹಿ ಹಂಚುವುದೊಂದು ಬಾಕಿ. ಅಲ್ಲಿ ವೀಸಾ ಕೆಲಸ ಇನ್ನೂ ಶುರುವಾಗಿಲ್ಲವೆಂದು ತಿಳಿದ ಮೇಲೆ ಚೆನ್ನೈ ರೈಲಿಗೆ ಟಿಕೆಟು ಮಾಡಿಸಿದರು. ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೆ ಇದ್ದ ಸಂದರ್ಶನದ ವಿನಾಯಿತಿಯೂ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹೋಯಿತು. ತಲೆಗೆ 185 ಡಾಲರು, ವೀಸಾ ಸಿಕ್ಕರೂ ಅಷ್ಟೇ, ಸಿಗದಿದ್ದರೂ ಅಷ್ಟೇ. ಇಷ್ಟಾದ ಮೇಲೆ ತಾಲೀಮಿಲ್ಲದೆ ಬಿಡುತ್ತಾರೆಯೇ? ತಾವೇ ವೀಸಾ ಆಫೀಸರಾಗಿ ಅಡುಗೆಮನೆ ಕಿಟಕಿಯ ಒಳಗೆ ಕೂತರು, ಮಕ್ಕಳು ಕಿಟಕಿಯ ಆಚೆ ಸಾಲಾಗಿ ನಿಂತರು.

"ವಾಟ್ ಈಸ್ ದಿ ಪರ್ಪಸ್ ಆಫ್ ಯುವರ್ ವಿಸಿಟ್?"

"ಕಲ್ಚರಲ್ ಪ್ರೋಗ್ರಾಮ್, ಅಂಕಲ್."

"ಅಂಕಲ್ ಅನ್ನಬಾರದು ಪುಟ್ಟಿ, ಆಫೀಸರ್ ಅನ್ನು. ನೆಕ್ಸ್ಟ್."

"ಡಿಸ್ನಿಲ್ಯಾಂಡ್" ಎಂದ ಮೃದಂಗದ ಹುಡುಗ. ಅವನನ್ನು ಸಾಲಿನ ಕೊನೆಗೆ ಕಳಿಸಲಾಯಿತು. ಮೂರು ಸುತ್ತು ಬಂದರೂ ಅವನು ಡಿಸ್ನಿಲ್ಯಾಂಡನ್ನು ಬಿಟ್ಟುಕೊಡಲಿಲ್ಲ.

ಚೆನ್ನೈಯಲ್ಲಿ ನಿಜವಾದ ಆಫೀಸರು ಅದೇ ಹುಡುಗನನ್ನು ಯಾವ ವಾದ್ಯ ಎಂದು ಕೇಳಿ, ಅವನು ಮೇಜಿನ ಅಂಚಿನ ಮೇಲೆ ನಾಲ್ಕು ಏಟು ನುಡಿಸುತ್ತಲೇ ನಕ್ಕು ಕಳಿಸಿದಳಂತೆ. ಎಲ್ಲರಿಗೂ ವೀಸಾ ಸಿಕ್ಕಿತು. ರಾಯರು ಮಾತ್ರ ವಾಪಸು ರೈಲಿನಲ್ಲಿ ತುಟಿ ಬಿಚ್ಚಲಿಲ್ಲ. ಪಾಲಕರ ಒಪ್ಪಿಗೆಯ ಅಫಿಡವಿಟ್ಟುಗಳು, ಶಾಲೆಗಳ ರಜಾಪತ್ರಗಳು, ಕನ್ನಡ ಕೂಟದ ಆಹ್ವಾನ, ಮಿಸ್ ಅವರ ವಿದ್ವತ್ ಪರೀಕ್ಷೆಯ ಅಂಕಪಟ್ಟಿ, ಇಷ್ಟನ್ನೂ ಬಣ್ಣದ ಚೀಟಿ ಅಂಟಿಸಿ ಜೋಡಿಸಿದ್ದ ಫೈಲನ್ನು ಯಾರೂ ತೆರೆದು ನೋಡಿರಲಿಲ್ಲ.

ಲಗೇಜಿನ ವಿಷಯಕ್ಕೆ ಬಂದರೆ, ಅಮೆರಿಕಕ್ಕೆ ಸಾಮಾನ್ಯವಾಗಿ ತಲೆಗೆ 23 ಕಿಲೋದ ಎರಡು ಪೆಟ್ಟಿಗೆ. ಉದ್ದ, ಅಗಲ, ಎತ್ತರ ಮೂರೂ ಕೂಡಿ 158 ಸೆಂಟಿಮೀಟರ್ ದಾಟಬಾರದು. ವೀಣೆಯ ಪೆಟ್ಟಿಗೆಗೆ ಟೇಪು ಹಿಡಿದ ದಿನ ಇಬ್ಬರು ವೈಣಿಕ ಹುಡುಗಿಯರ ಕಣ್ಣಲ್ಲಿ ನೀರು. ಹಲಸಿನ ಮರದ ಕೊಡವನ್ನು ಮಡಚಲು ಬರುವುದಿಲ್ಲವಲ್ಲ. ಕಡೆಗೆ ಪಿಟ್ಸ್‌ಬರ್ಗಿನ ಶಿಷ್ಯೆಯ ವೀಣೆಯನ್ನೇ ಎರವಲು ಪಡೆಯುವುದೆಂದಾಯಿತು. ಮೃದಂಗ ಹೇಗೋ ಹಿಡಿಸಿತು, ಎಡ ಮುಚ್ಚಿಗೆಗೆ ಹಚ್ಚುವ ರವೆಯ ಪೊಟ್ಟಣವೂ ಹಿಡಿಸಿತು. ಶ್ರುತಿ ಮಾಡುವ ಕಲ್ಲನ್ನು ಮೇಷ್ಟ್ರು ಕೈಚೀಲದಲ್ಲಿ ಇಟ್ಟುಕೊಂಡು ವಿಮಾನ ನಿಲ್ದಾಣದ ತಪಾಸಣೆಯವರಿಗೆ ಕಲ್ಲಿನ ಉದ್ದೇಶ ವಿವರಿಸಬೇಕಾಗಿ ಬಂದದ್ದು ಬೇರೆ ಕತೆ. ಇನ್ನು ತಂಬೂರಿ. ಎಚ್‌ಎಎಲ್‌ನಲ್ಲಿ ಎಂಜಿನಿಯರಾಗಿದ್ದ ಜಿ. ರಾಜ್ ನಾರಾಯಣ್ ಇದೇ ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಮಾಡಿ ನಮ್ಮೆಲ್ಲರ ಹೊರೆ ಇಳಿಸಿದರು. ಈಗ ಫೋನಿನಲ್ಲೇ ತಂಬೂರಿ ಮೀಟುತ್ತದೆ. ಆದರೆ ಈ ಮನೆಯ ಹಳೆಯ ಪೆಟ್ಟಿಗೆ 230 ವೋಲ್ಟಿಗೆ ಮಾತ್ರ ಬಾಯಿ ಬಿಡುವಂಥದು, ಅಮೆರಿಕದ್ದು 120. ಅದಕ್ಕಾಗಿ ರಾಯರು ಎಸ್.ಪಿ. ರಸ್ತೆಯಿಂದ ಒಂದು ಟ್ರಾನ್ಸ್‌ಫಾರ್ಮರು ತಂದರು. ತಂಬೂರಿಗಿಂತ ಅದರ ತೂಕವೇ ಹೆಚ್ಚು. ಅದಕ್ಕೆ ಜಾಗ ಮಾಡಲು ಮಿಸ್ ತಮ್ಮ ಎರಡು ಸೀರೆ ತೆಗೆದಿಟ್ಟರು. ಚಟ್ನಿಪುಡಿ, ಗೊಜ್ಜು, ಗಟ್ಟಿ ಅವಲಕ್ಕಿಯನ್ನು ಮಾತ್ರ ಯಾರೂ ತೆಗೆಯಲಿಲ್ಲ. ಎಡಿಸನ್‌ನ ಓಕ್ ಟ್ರೀ ರಸ್ತೆಯಲ್ಲಿ ಇವೆಲ್ಲ ಕಿಲೋಗಟ್ಟಲೆ ಸಿಗುತ್ತವೆ ಎಂದು ಹೇಳಿದವರನ್ನು ಅಜ್ಜಿ ನಂಬಲಿಲ್ಲ.

ಮೊದಲು ಕ್ಲೀವ್‌ಲ್ಯಾಂಡ್. ಅಲ್ಲಿನ ತ್ಯಾಗರಾಜ ಆರಾಧನೆ 1978ರಿಂದ ನಡೆದು ಬಂದದ್ದು, ಈಸ್ಟರ್ ಹೊತ್ತಿಗೆ ಸೇರುತ್ತದೆ. ಪಂಚರತ್ನಕ್ಕೆ ಮಕ್ಕಳು ತಯಾರಾಗಬೇಕು. ನಾಟ, ಗೌಳ, ಆರಭಿ, ಶ್ರೀ ನಾಲ್ಕೂ ಆಯಿತು. ವರಾಳಿಯನ್ನು ಗುರು ಎದುರಿಗೆ ಕೂರಿಸಿ ಹೇಳಿಕೊಟ್ಟರೆ ಗುರು ಶಿಷ್ಯರಿಗೆ ಕೆಡುತ್ತದೆ ಎಂಬ ನಂಬಿಕೆ ಇದೆಯಲ್ಲ, ಮಿಸ್ ಹೇಳಿಕೊಡಲು ಒಪ್ಪಲಿಲ್ಲ. ರಾಯರು ಟೂರು ಅರ್ಜೆಂಟು ಗುಂಪಿಗೆ ಯೂಟ್ಯೂಬ್ ಕೊಂಡಿ ಹಾಕಿ, ಕೆಳಗೆ "ಶುಕ್ರವಾರದೊಳಗೆ ಬಾಯಿಪಾಠ" ಎಂದು ಬರೆದರು. ಹೀಗೆ ಜೀವನದಲ್ಲಿ ಒಮ್ಮೆ ಅವರೂ ಗುರುಗಳಾದರು. ಪಾಲಕರಿಗೂ ಅವರಿಗೂ ಲಗೇಜಿನ ವಿಚಾರಕ್ಕೆ ಮನಸ್ತಾಪ ಶುರುವಾದದ್ದು ಅದೇ ವಾರ ಎಂದು ಮೃದಂಗದ ಮೇಷ್ಟ್ರು ಈಗಲೂ ಹೇಳುತ್ತಾರೆ.

ಆಮೇಲೆ ಕನ್ನಡ ಕೂಟದ ಯುಗಾದಿ. ಅಮೆರಿಕದಲ್ಲಿ ಯುಗಾದಿ ಪಂಚಾಂಗ ನೋಡಿ ಬರುವುದಿಲ್ಲ, ಹೈಸ್ಕೂಲಿನ ಸಭಾಂಗಣ ಸಿಕ್ಕ ಶನಿವಾರ ಬರುತ್ತದೆ. ಹೊರಡುವ ಮುಂಚೆ ಒಂದು ಗಂಟೆ ಎಂದಿದ್ದ ಕಾರ್ಯದರ್ಶಿಗಳು, ವಿಮಾನ ಇಳಿಯುವಾಗ ನಲವತ್ತು ನಿಮಿಷ ಎಂದರು, ಹಿಂದಿನ ರಾತ್ರಿ ಹದಿನೈದು ಎಂದರು. ಸ್ಥಳೀಯ ಮಕ್ಕಳ ಸಿನಿಮಾ ನೃತ್ಯಗಳು ಹೆಚ್ಚಾಗಿವೆ, ಪ್ರಾಯೋಜಕರಾದ ರಿಯಲ್ ಎಸ್ಟೇಟಿನವರೂ ಎರಡು ಮಾತು ಆಡಬೇಕಂತೆ. ರಾಯರು ಲ್ಯಾಪ್‌ಟಾಪು ತೆರೆದು ಕೂತರು.

"ವರ್ಣ ಬೇಡ. ನೆರವಲ್ ತೆಗೆದೆ. ಆಲಾಪನೆಗೆ ನಲವತ್ತು ಸೆಕೆಂಡು ಇಟ್ಟಿದ್ದೀನಿ."

"ನಲವತ್ತು ಸೆಕೆಂಡಲ್ಲಿ ನಾನು ಷಡ್ಜ ಹಿಡಿಯೋದ್ರೊಳಗೆ ಮುಗಿದುಹೋಗುತ್ತಲ್ಲ ರೀ."

"ಷಡ್ಜಾನ ಕಾರಲ್ಲೇ ಹಿಡ್ಕೊಂಡು ಬಾ."

ಮಕ್ಕಳು ಚೆನ್ನಾಗಿ ಹಾಡಿದರು. ದೇವರನಾಮಕ್ಕೆ ಸಭೆಯಲ್ಲಿ ಅರ್ಧ ಜನ ಜೊತೆಗೆ ಗುನುಗಿದರು. ಒಬ್ಬ ಅಜ್ಜ ಮುಂದೆ ಬಂದು ಕೂತು ತೊಡೆಯ ಮೇಲೆ ತಾಳ ಹಾಕಿದರು. ಇದಾವುದನ್ನೂ ರಾಯರು ನೋಡಲಿಲ್ಲ. ಟ್ರಾನ್ಸ್‌ಫಾರ್ಮರಿನ ಪ್ಲಗ್ಗು ಗೋಡೆಗೆ ಹೊಂದದೆ ತಂಬೂರಿ ಫೋನಿನಲ್ಲೇ ನುಡಿಯಿತು, ಆ ಫೋನು ರಾಯರದೇ. ಅದಕ್ಕೆ ನಡುವೆ ಕರೆ ಬಂದೀತೆಂದು ಏರ್‌ಪ್ಲೇನ್ ಮೋಡಿಗೆ ಹಾಕಿ ಕೊಟ್ಟು, ತಾವು ಸಭಾಂಗಣದ ಹೊರಗೆ ನಿಂತು ಪಾಸ್‌ಪೋರ್ಟುಗಳನ್ನು ಎಣಿಸುತ್ತಿದ್ದರು. ಒಳಗಿನಿಂದ ಚಪ್ಪಾಳೆ ಕೇಳಿದಾಗ ಗಡಿಯಾರ ನೋಡಿ, "ಹದಿನಾಲ್ಕೂವರೆ" ಎಂದು ತೃಪ್ತಿಯಿಂದ ತಲೆಯಾಡಿಸಿದರು.

ಊಟದ ಸಾಲಿನಲ್ಲಿ ಒಬ್ಬಟ್ಟು ಹಾಕಿಸಿಕೊಳ್ಳುತ್ತಾ ಅಲ್ಲಿನವರೊಬ್ಬರ ಪರಿಚಯವಾಯಿತು, ಹಾಸನದ ಕಡೆಯವರು. ಕಾರ್ಯಕ್ರಮ ಬಹಳ ಚೆನ್ನಾಗಿತ್ತು ಎಂದು ಅವರು ಶುರು ಮಾಡಿದರೆ, ರಾಯರ ಕಿವಿಗೆ ಅದು ಬೀಳಲೇ ಇಲ್ಲ. ತಟ್ಟೆಯನ್ನು ಎಡಗೈಗೆ ಬದಲಾಯಿಸಿ, ಜೇಬಿನಿಂದ ಪೆನ್ನು ತೆಗೆದರು.

"ನಿಮ್ಮ ತಮ್ಮ ಮೆಲ್ಬರ್ನ್‌ನಲ್ಲಿ ಇದ್ದಾರೆ ಅಂದ್ರಲ್ಲ ಸಾರ್, ಸ್ವಂತ ಮನೇನಾ? ಬಾತ್‌ರೂಮು ಎಷ್ಟು?"