ಜೀಗುಜ್ಜೆಯ ಕಡೆಯ ವಕಾಲತ್ತು

ಪಕ್ಕದವರ ಕಾಂಪೌಂಡ್ ಕಟ್ಟಲು ಬಂದ ಕಂಟ್ರಾಕ್ಟರು ನಮ್ಮ ಜೀಗುಜ್ಜೆ ಮರವನ್ನು ಜೇಸಿಬಿಯಲ್ಲಿ ಮಗುಚಿ ಹಾಕುವಾಗ ನಾನು ಕಾಪುವಿನಲ್ಲಿ ಮದುವೆಯೂಟಕ್ಕೆ ಕೂತಿದ್ದೆ. ಬಂದು ಕೇಳಿದರೆ, "ಅಡ್ಡ ಬರ್ತಿತ್ತು ಸರ್, ತೆಗ್ದೆವು" ಎಂದರು, ಪಾಯಸದಿಂದ ಏಲಕ್ಕಿ ಸಿಪ್ಪೆ ತೆಗೆದವರ ಹಾಗೆ. ಪಕ್ಕದವರ ವಾಸ ಮಣಿಪಾಲದ ಫ್ಲಾಟಿನಲ್ಲಿ. "ಅದೆಲ್ಲ ಕಂಟ್ರಾಕ್ಟರಿಗೆ ಬಿಟ್ಟದ್ದು ಮಾರಾಯ್ರೆ" ಎಂದು ಫೋನಿಟ್ಟರು.

ಕಾರ್ಕಳದಲ್ಲಿ ನನ್ನ ಭಾವ ವಕೀಲರು. ಅವರ ಮೊದಲ ಪ್ರಶ್ನೆ: "ಮರ ವರ್ಗದಲ್ಲಿತ್ತೋ ಕುಮ್ಕಿಯಲ್ಲಿತ್ತೋ?" ವರ್ಗವೆಂದರೆ ನಮ್ಮ ಸ್ವಂತ ಜಾಗ; ಅದರಿಂದ 450 ಲಿಂಕ್ಸ್ ಒಳಗಿನ ಕುಮ್ಕಿಯಾದರೆ ಸೊಪ್ಪು ನಮಗೆ, ನೆಲ ಸರಕಾರಕ್ಕೆ, ಅಳಲಿಕ್ಕೂ ತಹಶೀಲ್ದಾರರ ಅಪ್ಪಣೆ ಬೇಕಾಗುತ್ತಿತ್ತೇನೋ! ಪುಣ್ಯಕ್ಕೆ ವರ್ಗದಲ್ಲೇ ಇತ್ತು. ಬುಡದ ಫೋಟೋ ತೆಗೆಯಿರಿ, ಹದ್ದುಬಸ್ತಿಗೆ ಅರ್ಜಿ ಹಾಕಿ, ಗೋಡೆ ಏಳುವ ಮೊದಲು ತಡೆಯಾಜ್ಞೆ ತನ್ನಿ, ನಷ್ಟಕ್ಕೆ ಸಿವಿಲ್ ದಾವೆ, ಅದಕ್ಕೆ ಮೂರು ವರ್ಷದ ಅವಧಿ ಉಂಟು ಎಂದು ಭಾವ ಒಂದೇ ಉಸಿರಿಗೆ ಹೇಳಿದರು. ಯಜಮಾನರು ಕಂಟ್ರಾಕ್ಟರ ಮೇಲೆ ಹಾಕುತ್ತಾರೆ, ಕಂಟ್ರಾಕ್ಟರು ಯಜಮಾನರ ಮೇಲೆ; ಇಬ್ಬರನ್ನೂ ಪಾರ್ಟಿ ಮಾಡಿದರೆ ಜಡ್ಜರೆದುರೇ ಹಾಕಿಕೊಳ್ಳಲಿ.

ನನಗೆ ಮರುಳು ಹಿಡಿಸಿದ್ದು ಮಾತ್ರ ಕಳವಿನ ಕಲಮು. 2024ರ ಜುಲೈಯಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303. ಮರ ನೆಲಕ್ಕಂಟಿಕೊಂಡಿರುವಷ್ಟು ಹೊತ್ತು ಅದನ್ನು ಕದಿಯುವುದು ಸಾಧ್ಯವೇ ಇಲ್ಲ. ಒಯ್ಯುವ ದುರುದ್ದೇಶದಿಂದ ಕಡಿದರೋ, ಕಡಿದ ಕ್ಷಣವೇ ಕಳವು. 1860ರ ದಂಡ ಸಂಹಿತೆಯ ಕಾಲದಿಂದ ಬಂದ ಉದಾಹರಣೆ ಇದು. ಬಾಯಿಪಾಠ ಮಾಡಿಕೊಂಡು ಕಂಟ್ರಾಕ್ಟರನ್ನು ಬುಡದ ಹತ್ತಿರ ನಿಲ್ಲಿಸಿದೆ.

"ಮರ ನಿಂತಿತ್ತು. ಅಷ್ಟರವರೆಗೆ ನೀವು ಸಂಭಾವಿತರು."

"ಹೌದು ಸರ್."

"ಬಿತ್ತು. ಕಳ್ಳರಾದಿರಿ."

ಅವರು ಯೋಚಿಸಿದರು. "ಅರ್ಧ ವಾಲಿದಾಗ?"

ಇದು ಭಾರತೀಯ ನ್ಯಾಯ ಸಂಹಿತೆಯಲ್ಲಿರಲಿಲ್ಲ. ಅಷ್ಟರಲ್ಲಿ ಜೇಸಿಬಿ ಡ್ರೈವರ್ ಇಳಿದು ಬಂದ. "ಈ ಬದಿಯ ಬೇರು ಇನ್ನೂ ಮಣ್ಣಲ್ಲೇ ಉಂಟು ಸರ್. ಹಾಗಾದ್ರೆ ಕಳವು ಆಗ್ಲೇ ಇಲ್ಲ ಅಲ್ವಾ?" ನಾನು ಮದುವೆಯ ಪಂಚೆ ಎತ್ತಿ ಕಟ್ಟಿ, ಕೂತು, ಬೇರು ಎಳೆದು ನೋಡಿದೆ. ಬರಲಿಲ್ಲ. ಮೇಸ್ತ್ರಿ ಕರಣೆ ಕೆಳಗಿಟ್ಟು ಬಂದ. ಕಲ್ಲು ಹೊರುವವರು ಸುತ್ತ ನಿಂತರು. ಡ್ರೈವರ್ ಬಹಳ ಮರ್ಯಾದೆಯಿಂದ, "ಬೇಕಾದ್ರೆ ಅದನ್ನೂ ಕತ್ತರಿಸ್ತೇನೆ ಸರ್, ಕೇಸ್ ಗಟ್ಟಿಯಾಗ್ಲಿ" ಎಂದ. ಬೇಡವೆಂದೆ. ಕಂಟ್ರಾಕ್ಟರು ಕೊನೆಯ ಪೆಟ್ಟು ಹಾಕಿದರು: "ನಮ್ಗೆ ಮರ ಬೇಡ ಸರ್. ನೀವೇ ಇಟ್ಕೊಳ್ಳಿ."

ಒಯ್ಯುವ ಉದ್ದೇಶವೇ ಇಲ್ಲದ ಮೇಲೆ 303 ಎಲ್ಲಿಯದು? ಇನ್ನುಳಿದದ್ದು 324, ಬೇಕೆಂದೇ ಅಥವಾ ಗೊತ್ತಿದ್ದೂ ಮಾಡಿದ ಹಾನಿ. ಅವರಿಗೆ ಗೊತ್ತಿದ್ದದ್ದು ಒಂದೇ, ಮರ ಅಡ್ಡ ಬರುತ್ತಿತ್ತು ಎಂಬುದು.

ಈ "ಅಡ್ಡ" ನನಗೆ ಸರಿಕಾಣುವುದಿಲ್ಲ. 1953ರಲ್ಲಿ ಟಿ.ಎಂ.ಎ. ಪೈಗಳು ಮೆಡಿಕಲ್ ಕಾಲೇಜು ತೆರೆದಾಗ ಮಣಿಪಾಲ ಬೋಳು ಮುರಕಲ್ಲಿನ ಗುಡ್ಡ. ನೆಟ್ಟು, ನೀರು ಹಾಕಿ ಹಸುರಾದ ಊರಿನ ನೆರಳಲ್ಲಿ ಕೂತವರೇ ಇಲ್ಲಿ ಬಂದು ಮರ ಅಡ್ಡ ಎನ್ನುತ್ತಾರೆ. ಹೆದ್ದಾರಿ 66 ಅಗಲವಾದಾಗ ಹೋದ ಮರಗಳಿಗಂತೂ ನೋಟೀಸು ಬರೆಯಲು ಕಾರ್ಕಳದಲ್ಲಿ ಭಾವನೂ ಇರಲಿಲ್ಲ.

ನೋಟೀಸಿನಲ್ಲಿ ನಷ್ಟದ ಮೊತ್ತ ಬೇಕಿತ್ತು. ಸೌದೆಗೂ ಬಾರದ ಮರ. ಅದರ ಕಾಯಿ ಹೆಚ್ಚಿ ಕರಿಯುವ ಪೋಡಿಯ ಲೆಕ್ಕದಲ್ಲಿ ಸಾವಿರಗಟ್ಟಲೆ ಬರೆದೆ. "ಎಣ್ಣೆ ಖರ್ಚು ಕಳೆಯಿರಿ" ಎಂದಳು ಹೆಂಡತಿ. ನೋಟೀಸು ಅಲ್ಲಿಗೆ ನಿಂತಿತು.

ನಮ್ಮ ಜೀಗುಜ್ಜೆಗೆ ಬೀಜವಿಲ್ಲ. ಪೆಟ್ಟಾದ ಬೇರಿನಿಂದಲೇ ಅದು ಚಿಗುರುವುದು. ಮಳೆ ಹಿಡಿದ ಮೇಲೆ ಮೊಳಕೆ ಎದ್ದಿತು, ಗೋಡೆಯ ಆಚೆ. ಪಕ್ಕದವರು ತಾವಾಗಿ ಫೋನು ಮಾಡಿದರು: "ನಿಮ್ಮ ಬೇರು ನಮ್ಮ ಜಾಗಕ್ಕೆ ಬಂದಿದೆಯಲ್ಲ, ಕಂಟ್ರಾಕ್ಟರಿಗೆ ಹೇಳಲಾ?"

"ಮುಟ್ಟಿದರೆ ನೋಡಿ!" ಎಂದವನೇ ಭಾವನಿಗೆ ಫೋನು ಹಚ್ಚಿದೆ: ಕಾಯಿ ಬಿಟ್ಟರೆ ಯಾರದ್ದು?

"ಅದು ಕಾಯಿ ಬಿಡುವಷ್ಟರಲ್ಲಿ ನಿಮ್ಮ ಮೂರು ವರ್ಷ ಮುಗಿದಿರ್ತದೆ" ಎಂದರು ಭಾವ. "ಪೋಡಿಯ ಲೆಕ್ಕ ಎಲ್ಲಿಗೆ ಬಂತು?"